ಕಟ್ಟು ಬಸಿದಳು, ಬಿಚ್ಚಲಿಲ್ಲ

ಪ್ರೀತಿಯ ತಮ್ಮ,

ನಿನ್ನ ಕತೆ ಎರಡು ಸಲ ಓದಿದೆ. ಅಮ್ಮನ ಪಾತ್ರ ಚೆನ್ನಾಗಿದೆ. ಆದರೆ ನಾಲ್ಕನೇ ಪುಟದಲ್ಲಿ ಅವಳು ‘ಮಿತವಾಗಿ ವ್ಯಯಿಸಿ ಮಗನ ಶುಲ್ಕ ಪಾವತಿಸಿದಳು’ ಅಂತ ಬರೆದಿದ್ದೀಯ. ಅಲ್ಲೇ ನಿಂತುಬಿಟ್ಟೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರಾ? ‘ಹೊಟ್ಟೆ ಬಟ್ಟೆ ಕಟ್ಟಿ ಮಗನ ಫೀಸು ಕಟ್ಟಿದಳು’ ಅಂದರೆ ಮುಗಿಯಿತು. ಒಂದೇ ಪದ ಎರಡು ಸಲ ಬಂತು ಅಂತ ಹೆದರಬೇಡ. ಮೊದಲನೆಯದು ಹಸಿವು, ಎರಡನೆಯದು ರಸೀದಿ. ಓದುವವರಿಗೆ ಗೊತ್ತಾಗುತ್ತದೆ.

ಈ ‘ಕಟ್ಟು’ ಎಲ್ಲೆಲ್ಲಿ ದುಡಿಯುತ್ತದೆ ನೋಡು. ಗಾರೆಯವನು ಗೋಡೆ ಕಟ್ಟುತ್ತಾನೆ, ಯಕ್ಷಗಾನದವನು ವೇಷ ಕಟ್ಟುತ್ತಾನೆ. ರೈತ ‘ರಾಗಿ ಕಾಳು ಕಟ್ತಿದೆ’ ಅಂತಾನೆ. ಅಲ್ಲಿ ಕಟ್ಟುವವರು ಯಾರೂ ಇಲ್ಲ, ತೆನೆಯೊಳಗಿನ ಹಾಲು ಸುಮ್ನೆ ಗಟ್ಟಿಯಾಗುತ್ತಿದೆ. ಮೋಡ ಕಟ್ಟುತ್ತದೆ, ನೆಗಡಿಯಾದರೆ ಮೂಗು ಕಟ್ಟುತ್ತದೆ. ಸಕ್ಕರೆ ಕಾಯಿಲೆಯವರು ಬಾಯಿ ಕಟ್ಟಬೇಕು. (ನಾನೂ ಕಟ್ಟಿದ್ದೇನೆ, ಹಬ್ಬದ ದಿನ ಬಿಟ್ಟು.) ಸೊಪ್ಪು ಮಾರುವವಳಿಗೆ ಅದು ಲೆಕ್ಕ: ಕಟ್ಟಿಗೆ ಇಷ್ಟು. ನಾವು ಕತೆ ಕಟ್ಟುತ್ತೇವೆ, ಊರವರು ಅದನ್ನು ಕಟ್ಟುಕತೆ ಅಂತಾರೆ.

ಅಡುಗೆಮನೆಯದು ಬೇರೆಯೇ. ಹೋಳಿಗೆಗೆ ಬೇಯಿಸಿದ ಬೇಳೆಯಿಂದ ಬಸಿದ ನೀರೇ ಕಟ್ಟು. ಉತ್ತರ ಕರ್ನಾಟಕದಲ್ಲಿ ಅದರಿಂದ ಕಟ್ಟಿನ ಸಾರು, ಮೈಸೂರು ಕಡೆ ಒಬ್ಬಟ್ಟಿನ ಸಾರು. ಒಮ್ಮೆ ಕತೆಯೊಂದರಲ್ಲಿ ‘ಅವಳು ಕಟ್ಟು ಬಸಿದಳು’ ಅಂತ ಬರೆದಿದ್ದೆ. ಪತ್ರಿಕೆಯಲ್ಲಿ ಯಾರೋ ಅದನ್ನು ತಿದ್ದಿ ‘ಕಟ್ಟು ಬಿಚ್ಚಿದಳು’ ಮಾಡಿಬಿಟ್ಟರು. ಹಬ್ಬದ ಅಡುಗೆಯ ನಡುವೆ ಪಾಪ ಅವಳು ಏನು ಬಿಚ್ಚಿದಳೋ! ಎರಡು ದಿನ ಸಿಟ್ಟು ಇಳಿಯಲಿಲ್ಲ. ಆಮೇಲೆ ತಪ್ಪು ನನ್ನದೂ ಅನ್ನಿಸಿತು. ಆ ಸಾಲಿನ ಅಕ್ಕಪಕ್ಕ ಬೇಳೆಯೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ‘ಬೇಳೆ ಬೆಂದಿತ್ತು, ಕಟ್ಟು ಬಸಿದಳು’ ಅಂದಿದ್ದರೆ ಯಾರೂ ಕೈ ಹಾಕುತ್ತಿರಲಿಲ್ಲ. ಕಟ್ಟು ಅಂದರೆ ಇದು ಅಂತ ಬಿಡಿಸಿ ಹೇಳೋದು ಬೇಕಿಲ್ಲ. ಪಕ್ಕದಲ್ಲಿ ಯಾವ ಮಾತು ಕೂರಿಸುತ್ತೀಯ, ಅದನ್ನು ನೋಡಿಕೋ.

ಲೈಬ್ರರಿಯಲ್ಲಿ ಕಿಟೆಲರ ನಿಘಂಟು ಸಿಕ್ಕರೆ ತೆಗೆದು ನೋಡು, 1894ರದ್ದು. ಈ ಒಂದು ಪದಕ್ಕೆ ಅರ್ಥಗಳ ಸಾಲೇ ಇದೆ. ಆದರೆ ಅದಕ್ಕಿಂತ ಮುಂಚೆ ಸಂತೆಗೆ ಹೋಗಿ ಸೊಪ್ಪಿನವಳ ಹತ್ತಿರ ಸ್ವಲ್ಪ ಹೊತ್ತು ನಿಂತು ಬಾ.

ನಾಲ್ಕನೇ ಪುಟ ತಿದ್ದಿ ಕಳಿಸು. ಮನೆ ಕಟ್ಟಿಸುವ ಕತೆಗೆ ‘ನಿರ್ಮಾಣ’ ಅಂತ ಹೆಸರಿಟ್ಟಿದ್ದೀಯಲ್ಲ, ಅದನ್ನೂ ಇನ್ನೊಂದು ಸಲ ಯೋಚಿಸು.

ಪ್ರೀತಿಯಿಂದ,
ನಿನ್ನ ಅಣ್ಣ