ನೀರಿನ ಘಟಕದ ಬೀಗದ ಕೈ ಇಬ್ಬರ ಬಳಿ ಇರಲಿ: ಚಿಕ್ಕಬಳ್ಳಾಪುರ ಜಿಲ್ಲೆಯ ಐವರು ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ಐದೂ ಕ್ಷೇತ್ರಗಳಲ್ಲಿ ನಿಮ್ಮ ಪರವಾಗಿಯೋ ನಿಮ್ಮ ಎದುರಾಳಿಗಳ ಪರವಾಗಿಯೋ ಬೂತಿನಲ್ಲಿ ಕೂರುವವರು ನಾವು. ಪಕ್ಷ ಬೇರೆ ಬೇರೆ. ಈ ಪತ್ರದ ಮಟ್ಟಿಗೆ ಮಾತ್ರ ಜಗಳವಿಲ್ಲ, ಏಕೆಂದರೆ ವಿಷಯ ಶುದ್ಧ ಕುಡಿಯುವ ನೀರಿನ ಘಟಕದ್ದು. ಹೊಸದು ಕೊಡಿ ಎಂದು ಕೇಳುತ್ತಿಲ್ಲ. ಇರುವುದು ನಿಂತರೆ ಎರಡು ದಿನದಲ್ಲಿ ಮತ್ತೆ ಓಡಬೇಕು. ಆ ಕೆಲಸವನ್ನು ಎಲ್ಲ ಪಕ್ಷಗಳ ಬೂತ್ ಸಮಿತಿಗಳಿಗೂ ಹಚ್ಚಿ ಎಂದು ಕೇಳುತ್ತಿದ್ದೇವೆ.

ಘಟಕ ಒಂದೇ ದಿನದಲ್ಲಿ ಕೆಡುವುದಿಲ್ಲ. ಬೋರ್‌ವೆಲ್ ನೀರು ಮೊದಲು ಮರಳಿನ ಫಿಲ್ಟರ್, ಆಮೇಲೆ ಕಾರ್ಬನ್ ಫಿಲ್ಟರ್ ದಾಟಿ ಕಾರ್ಟ್ರಿಡ್ಜ್‌ಗೆ ಬರುತ್ತದೆ. ಕಾರ್ಟ್ರಿಡ್ಜ್ ಅಂದರೆ ದಾರ ಸುತ್ತಿದಂತಿರುವ ಮೊಳದುದ್ದದ ಬಿಳಿ ಕೊಳವೆ, ಬೆಲೆ ಕೆಲವು ನೂರು ರೂಪಾಯಿ. ಮಣ್ಣು ಬರುವ ಬೋರ್ ಆದರೆ ಹದಿನೈದು ದಿನಕ್ಕೇ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದರ ಆಚೆ ಈಚೆ ಇರುವ ಎರಡು ಗೇಜುಗಳ ನಡುವೆ ಒಂದು ಕೆ.ಜಿ. ಪ್ರೆಷರ್ ವ್ಯತ್ಯಾಸ ಕಂಡರೆ ಬದಲಿಸಲೇಬೇಕು. ಹೊಸದು ಕೈಯಲ್ಲಿಲ್ಲದಾಗ ನಡೆಯುವುದೇ ಬೇರೆ. ಹಳೆಯದನ್ನು ಕಿತ್ತು, ಖಾಲಿ ಕೊಳವೆಯಲ್ಲೇ ನೀರು ಹಾಯಿಸುತ್ತಾರೆ. ಮಣ್ಣು ನೇರ ಮೆಂಬ್ರೇನಿಗೆ, ಅಂದರೆ ನೀರಿನ ಲವಣ ಸೋಸುವ ತೆಳು ಪರದೆಗೆ, ಹೋಗಿ ಕೂರುತ್ತದೆ. ಪಕ್ಕದ ಚಿಕ್ಕ ಡ್ರಮ್ಮಿನಲ್ಲಿರುವ ಆಂಟಿಸ್ಕೇಲಂಟ್ ದ್ರವ ಮುಗಿದರೂ ಅಷ್ಟೇ. ನಮ್ಮ ಗಡಸು ನೀರಿಗೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಕಿಟ್ಟ ಮೆಂಬ್ರೇನಿನ ಮೇಲೂ ಕಟ್ಟುತ್ತದೆ. ಬೋರಿನ ನೀರು ಇಳಿದು ಪಂಪು ತಾನಾಗಿ ನಿಂತಾಗ, ಯಾರೋ ಜಾಣರು ಪ್ರೆಷರ್ ಸ್ವಿಚ್‌ಗೆ ವೈರ್ ಸುತ್ತಿ ಓಡಿಸುತ್ತಾರೆ. ಪಂಪು ಸುಡುತ್ತದೆ.

ಇಷ್ಟರಲ್ಲಿ ಯಾವುದೂ ದೊಡ್ಡ ರಿಪೇರಿಯಲ್ಲ. ದೊಡ್ಡದಾಗುವುದು ಬೀಗ ಹಾಕಿ ಕಾಯುವುದರಿಂದ. ಒಳಗೆ ನೀರು ನಿಂತ ಮೆಂಬ್ರೇನನ್ನು ವಾರಗಟ್ಟಲೆ ಬಿಟ್ಟರೆ ಪಾಚಿಯಂಥ ಲೋಳೆ ಕಟ್ಟಿ ಮುಚ್ಚಿಹೋಗುತ್ತದೆ. ಗಂಟೆಗೆ 1,000 ಲೀಟರಿನ ಘಟಕಕ್ಕೆ ನಾಲ್ಕಿಂಚಿನ ಮೆಂಬ್ರೇನ್ ನಾಲ್ಕು ಬೇಕು, ಒಂದೊಂದಕ್ಕೆ ಹತ್ತು ಸಾವಿರದ ಮೇಲೆ. ಇನ್ನೂರು ಮುನ್ನೂರರ ಸಾಮಾನಿಗೆ ಫೈಲು ಪಂಚಾಯಿತಿಯಿಂದ ಇಲಾಖೆಗೆ, ಇಲಾಖೆಯಿಂದ ಗುತ್ತಿಗೆದಾರರಿಗೆ ತಿರುಗುವಷ್ಟರಲ್ಲಿ ಖರ್ಚು ನಲವತ್ತು ಸಾವಿರ ದಾಟಿರುತ್ತದೆ.

ಮೊದಲಾದರೆ ಈ ಫೈಲಿನ ಹಿಂದೆ ಓಡಲು ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಸದಸ್ಯರಿದ್ದರು. ಆ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ, ಗೆದ್ದವರ ಅವಧಿ 2021ಕ್ಕೇ ಮುಗಿಯಿತು. ಗ್ರಾಮ ಪಂಚಾಯಿತಿ ಸದಸ್ಯರಿಗೂ ನಿಮಗೂ ನಡುವೆ ಉಳಿದದ್ದು ನಾವು, ಮತದಾರರ ಪಟ್ಟಿಯ ಪುಟ ಹಿಡಿದು ಮನೆ ಮನೆ ತಿರುಗುವವರು. ಯಾವ ಮನೆಯಲ್ಲಿ ಎಷ್ಟು ವೋಟು ಎಂದು ಹೇಳಬಲ್ಲವರಿಗೆ ಯಾವ ಬೀದಿಗೆ ಎಷ್ಟು ಕ್ಯಾನು ಎಂದು ಲೆಕ್ಕ ಹಾಕುವುದೇನು ಕಷ್ಟ?

ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆ ಎಂದರೆ ನಮ್ಮ ಪಕ್ಷಗಳೆಲ್ಲ ಬೀದಿಗಿಳಿಯುತ್ತವೆ. 2014ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯ 24.01 ಟಿಎಂಸಿ ಲೆಕ್ಕ ನಮ್ಮ ಹುಡುಗರಿಗೆ ಬಾಯಿಪಾಠ. ಊರ ಘಟಕದ ಗೇಜು ಓದಲು ಮಾತ್ರ ಬಾರದು. ಇದು ನಮ್ಮದೇ ತಪ್ಪು, ನಿಮ್ಮ ಮೇಲೆ ಹೊರಿಸುವುದಿಲ್ಲ.

ನೀರಿನಲ್ಲಿ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ವಿಚಾರದಲ್ಲಿ ಈ ಅಜ್ಞಾನ ಅಪಾಯದ್ದು. ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು ಲೋಟಕ್ಕೆ ಅದ್ದಿ, ‘ನೀರು ಚೆನ್ನಾಗಿದೆ’ ಎನ್ನುವವರು ಎಲ್ಲ ಪಕ್ಷದಲ್ಲೂ ಇದ್ದಾರೆ. ಆ ಮೀಟರ್ ಒಟ್ಟು ಲವಣ ತೋರಿಸುತ್ತದೆಯೇ ಹೊರತು ಫ್ಲೋರೈಡನ್ನಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಾಗ 1.5ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಪರೀಕ್ಷೆಗೆ ಫೀಲ್ಡ್ ಕಿಟ್ ಬೇಕು. ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಇರುವುದು ಇದಕ್ಕೇ. ಕಿಟ್ಟಿನ ದ್ರಾವಣದ ಅವಧಿ ಮುಗಿದಿದ್ದರೆ ಬರುವ ಬಣ್ಣ ನಂಬುವಂಥದ್ದಲ್ಲ, ಬಾಟಲಿಯ ಮೇಲಿನ ತಾರೀಖು ಮೊದಲು ನೋಡಿ.

ಇನ್ನು ಹೊರಬಿಡುವ ನೀರು. ಘಟಕಕ್ಕೆ ಹೋದದ್ದರಲ್ಲಿ ಅರ್ಧ ಆಚೆ ಬಂದರೆ, ಅದರಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇಮ್ಮಡಿ. ಪುಣ್ಯದ ಕೆಲಸವೆಂದು ಆ ಪೈಪನ್ನು ದನದ ತೊಟ್ಟಿಗೆ ತಿರುಗಿಸಬೇಡಿ, ದನಗಳ ಹಲ್ಲೂ ಮೂಳೆಯೂ ಹಾಳಾಗುತ್ತವೆ. ಹಳೇ ಬಾವಿಗೂ ಬೇಡ. ಶೌಚಾಲಯಕ್ಕೆ, ಗಾಡಿ ತೊಳೆಯುವುದಕ್ಕೆ ಸಾಕು.

ಈಗ ಪಕ್ಷಗಳು ಕೆಡಿಸುವ ರೀತಿಗೆ ಬರೋಣ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆದರೂ ಯಾರು ಯಾರ ಕಡೆಯವರೆಂದು ಅರಳಿಕಟ್ಟೆಗೆ ಗೊತ್ತು. ಗೆದ್ದ ಕಡೆಯವರು ಮೊದಲು ಬದಲಿಸುವುದು ಘಟಕ ನೋಡಿಕೊಳ್ಳುವ ಹುಡುಗನನ್ನು. ವಾಲ್ವ್ ತಿರುಗಿಸಿ ಮರಳಿನ ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವುದು ಕಲಿತವನು ಮನೆಗೆ, ಕಲಿಯದವನು ಒಳಗೆ. ಕಾಯಿನ್ ಬಾಕ್ಸಿನ ಬೀಗದ ಕೈ ಒಬ್ಬರ ಮನೆಯಲ್ಲಿ. 5 ರೂಪಾಯಿಗೆ 20 ಲೀಟರಿನಂತೆ ದಿನಕ್ಕೆ 150 ಕ್ಯಾನು ಹೋದರೆ 750 ರೂಪಾಯಿ, ತಿಂಗಳಿಗೆ 22,500. ಹುಡುಗನ ಸಂಬಳ, ಕರೆಂಟು, ಕಾರ್ಟ್ರಿಡ್ಜ್, ದ್ರಾವಣ ಕಳೆದು ತಿಂಗಳಿಗೆ ಎರಡು ಸಾವಿರ ಎತ್ತಿಟ್ಟರೂ ಎರಡು ವರ್ಷದಲ್ಲಿ ಹೊಸ ಮೆಂಬ್ರೇನಿಗೆ ಆಗುತ್ತದೆ. ಲೆಕ್ಕ ಬರೆಯುವವರಿಲ್ಲದ ಕಡೆ ಈ ದುಡ್ಡು ಕಾಣುವುದೇ ಇಲ್ಲ.

ಆದ್ದರಿಂದ ಬೀಗದ ಕೈ ಎರಡಿರಲಿ, ಎದುರುಬದುರು ಕಡೆಗಳ ಒಬ್ಬೊಬ್ಬರ ಬಳಿ ಒಂದೊಂದು. ಸೋಮವಾರಕ್ಕೊಮ್ಮೆ ಇಬ್ಬರೂ ನಿಂತು ಬಾಕ್ಸ್ ತೆಗೆದು, ಎಣಿಸಿ, ಪುಸ್ತಕದಲ್ಲಿ ಬರೆದು ಪಂಚಾಯಿತಿ ಖಾತೆಗೆ ಕಟ್ಟಲಿ. ಅದೇ ಪುಸ್ತಕದಲ್ಲಿ ಎರಡು ಗೇಜಿನ ಓದು, ಕಾರ್ಟ್ರಿಡ್ಜ್ ಹಾಕಿದ ತಾರೀಖು. ಒಬ್ಬರನ್ನೊಬ್ಬರು ನಂಬದಿರುವುದೇ ಇಲ್ಲಿ ಉಪಯೋಗಕ್ಕೆ ಬರುವ ಗುಣ! ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಕೋರಂಗೆ ಹತ್ತರಲ್ಲೊಂದು ಪಾಲು ಇಲ್ಲವೇ 20 ಜನ, ಯಾವುದು ಕಡಿಮೆಯೋ ಅಷ್ಟು. ರೋಡ್ ಶೋಗೆ ಟೆಂಪೋ ತುಂಬಿಸುವ ನಮಗೆ ಇಪ್ಪತ್ತು ಜನ ಲೆಕ್ಕವೇ? ಪುಸ್ತಕವನ್ನು ಅಲ್ಲಿ ಓದಿ, ನಡಾವಳಿಗೆ ಸೇರಿಸುವುದು ನಮ್ಮ ಕೆಲಸ.

ನಿಮ್ಮ ಕೆಲಸ ಮೂರೇ. ನಿಮ್ಮ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಕೆಡಿಪಿ ಸಭೆಯಲ್ಲಿ (ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆ) ‘ಚಾಲ್ತಿಯಲ್ಲಿದೆ’ ಎಂಬ ಒಂದೇ ಪದದ ವರದಿ ಒಪ್ಪಬೇಡಿ, ಘಟಕವಾರು ಎಷ್ಟು ದಿನ ನಿಂತಿತ್ತು ಎಂದು ಕೇಳಿ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಕಾರ್ಟ್ರಿಡ್ಜ್, ಆಂಟಿಸ್ಕೇಲಂಟ್, ಪ್ರೆಷರ್ ಸ್ವಿಚ್, ಕನಿಷ್ಠ ಒಂದು ಪಂಪು ದಾಸ್ತಾನು ಇಡಿಸಿ. ಕಲಿತ ಹುಡುಗನನ್ನು ಪಕ್ಷ ನೋಡಿ ತೆಗೆಯಬಾರದೆಂದು ನಿಮ್ಮ ನಿಮ್ಮ ಕಡೆಯವರಿಗೆ ನೀವೇ ಹೇಳಿ, ನಾವು ಹೇಳಿದರೆ ಕೇಳುವುದಿಲ್ಲ.

ಬರುವ ಕೆಡಿಪಿ ಸಭೆಗೆ ಮೊದಲು ನಮ್ಮ ನಮ್ಮ ಬೂತುಗಳ ಘಟಕಗಳ ಪಟ್ಟಿ, ಗೇಜಿನ ಓದಿನ ಸಮೇತ, ನಿಮ್ಮ ಕಚೇರಿಗೆ ತಲುಪಿಸುತ್ತೇವೆ. ಪ್ರತಿ ಹಾಳೆಯ ಕೆಳಗೂ ಕನಿಷ್ಠ ಎರಡು ಪಕ್ಷದವರ ರುಜು ಇರುತ್ತದೆ.

ಇಂತಿ,
ಬೇರೆ ಬೇರೆ ಪಕ್ಷಗಳ ಬೂತ್ ಮಟ್ಟದ ಕಾರ್ಯಕರ್ತರು
ಚಿಕ್ಕಬಳ್ಳಾಪುರ ಜಿಲ್ಲೆ