ಗಿಳಿಯ ರೆಕ್ಕೆಗೆ ಕತ್ತರಿ ಬೇಡ

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದಲ್ಲಿ 26 ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೋದ ವಾರ ಒಬ್ಬ ಗಿರಾಕಿ ಚಪ್ಪಲಿ ಡಬ್ಬಿಯಲ್ಲಿ ಒಂದು ಹಕ್ಕಿ ಇಟ್ಟುಕೊಂಡು ಬಂದರು. "ಅಕ್ಕಾ, ನಿಮ್ಮ ಕತ್ತರಿ ಚೆನ್ನಾಗಿ ಹರಿತ ಇರುತ್ತಲ್ಲ, ಇದರ ರೆಕ್ಕೆ ಸ್ವಲ್ಪ ಟ್ರಿಮ್ ಮಾಡಿಕೊಡಿ" ಅಂದರು. ನಾನು ಕತ್ತರಿ ಮುಟ್ಟಲಿಲ್ಲ. ಅವರನ್ನು ಕೂರಿಸಿ, ಕಾಫಿ ಕೊಟ್ಟು, ನಮ್ಮ ಗುಂಡಿಯ ಕಥೆ ಹೇಳಿದೆ. ಅದನ್ನೇ ನಿಮ್ಮ ಓದುಗರಿಗೂ ಹೇಳೋಣ ಅನ್ನಿಸಿತು.

ಗುಂಡಿ ಅಂದರೆ ರಸ್ತೆ ಗುಂಡಿ ಅಲ್ಲ. ಅದರ ಬಗ್ಗೆ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಗುಂಡಿ ನಮ್ಮ ಮನೆಯ ಕಾಕಟೀಲ್ ಹಕ್ಕಿ. ಬೂದು ಮೈ, ಹಳದಿ ಮುಖ, ತಲೆ ಮೇಲೆ ಜುಟ್ಟು. ಎರಡು ಕೆನ್ನೆಯ ಮೇಲೂ ಅಂಗಿ ಗುಂಡಿ ಹೊಲಿದ ಹಾಗೆ ಕಿತ್ತಳೆ ಬಣ್ಣದ ಒಂದೊಂದು ಚುಕ್ಕೆ. ಗಿಳಿ ಜಾತಿಯದೇ, ಮೂಲ ಆಸ್ಟ್ರೇಲಿಯಾ. ಹೋದ ಆಷಾಢದಲ್ಲಿ ತಂದೆವು. ಆಷಾಢದಲ್ಲಿ ಮದುವೆ ಇಲ್ಲ, ನನಗೆ ಹೊಲಿಗೆ ಕಮ್ಮಿ. ಪಿಯುಸಿ ಓದುವ ಮಗಳು ಎರಡು ವರ್ಷದಿಂದ ಹಟ ಹಿಡಿದಿದ್ದಳು.

ಅಂಗಡಿಯವನು ಪಂಜರದಿಂದ ತೆಗೆದುಕೊಡುವ ಮೊದಲು ಹಕ್ಕಿಯನ್ನು ಹಿಂದಕ್ಕೆ ಒಯ್ದು ಒಂದು ನಿಮಿಷದಲ್ಲಿ ವಾಪಸ್ ತಂದ. "ಇನ್ನು ಹಾರಿ ಹೋಗಲ್ಲ ಮೇಡಂ, ರೆಕ್ಕೆ ಕಟ್ ಮಾಡಿದ್ದೀನಿ. ಅದಕ್ಕೆ ದುಡ್ಡು ಬೇಡ" ಅಂದ. ಸೀರೆ ತಗೊಂಡರೆ ಫಾಲ್ಸ್ ಫ್ರೀ ಅನ್ನುವ ಹಾಗಿತ್ತು ಅವನ ಮಾತು. ನಮಗೂ ಏನೂ ಗೊತ್ತಿರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆವು.

ಮನೆಗೆ ಬಂದ ಮೂರನೇ ದಿನ ಅದು ನನ್ನ ಹೊಲಿಗೆ ಮೆಷಿನ್ ಮೇಲಿಂದ ಹಾರಲು ಹೋಯಿತು. ಬುಗುರಿ ಹಾಗೆ ಒಂದು ಸುತ್ತು ಸುತ್ತಿ, ಎದೆ ಅಡಿಯಾಗಿ ಸಿಮೆಂಟ್ ನೆಲಕ್ಕೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಕೈಗೆತ್ತಿಕೊಂಡು ಮೆಲ್ಲಗೆ ರೆಕ್ಕೆ ಬಿಡಿಸಿ ನೋಡಿದೆ. ರೆಕ್ಕೆಯ ತುದಿಯಲ್ಲಿ ಹತ್ತು ದೊಡ್ಡ ಗರಿ ಇರುತ್ತವೆ. ಹಕ್ಕಿಯನ್ನು ಮುಂದಕ್ಕೆ ಒಯ್ಯುವುದು ಅವೇ. ಅದರಲ್ಲಿ ಆರಕ್ಕೆ ಅರ್ಧದಲ್ಲೇ ಕತ್ತರಿ ಬಿದ್ದಿತ್ತು. ಅದೂ ಬಲಗಡೆ ಮಾತ್ರ. ಎಡಗಡೆ ಪೂರ್ತಿ ಇತ್ತು. ಅದಕ್ಕೇ ಅದು ತಿರುಗಿದ್ದು. ಕತ್ತರಿ ಹಿಡಿದು ಬದುಕಿದವಳು ನಾನು, ಅಂಚು ನೋಡಿದರೆ ಗೊತ್ತಾಗುತ್ತದೆ. ಮೊಂಡು ಕತ್ತರಿಯಲ್ಲಿ ಸ್ಯಾಟಿನ್ ಕತ್ತರಿಸಿದರೆ ನೂಲು ಬಿಟ್ಟುಕೊಳ್ಳುತ್ತದಲ್ಲ, ಹಾಗೆ ಆಗಿತ್ತು. ಆ ಮೊನೆಗಳು ಪಕ್ಕೆಗೆ ಚುಚ್ಚುತ್ತಿದ್ದವೋ ಏನೋ, ಹಕ್ಕಿ ದಿನವಿಡೀ ಅಲ್ಲೇ ಕೊಕ್ಕು ಹಾಕಿ ಕೆದಕುತ್ತಿತ್ತು.

ಚಿಕ್ಕವಳಿದ್ದಾಗ ಊರ ಜಾತ್ರೆಯಲ್ಲಿ ಗಿಳಿಶಾಸ್ತ್ರ ನೋಡುತ್ತಿದ್ದೆ. ಪಂಜರದ ಬಾಗಿಲು ತೆಗೆದರೆ ಗಿಳಿ ಪಾಪ ನಡೆದುಕೊಂಡು ಬಂದು, ಒಂದು ಕಾರ್ಡ್ ಎಳೆದುಕೊಟ್ಟು, ನಡೆದುಕೊಂಡೇ ಒಳಗೆ ಹೋಗುತ್ತಿತ್ತು. ಎಷ್ಟು ಸಾಧು ಗಿಳಿ ಅಂದುಕೊಳ್ಳುತ್ತಿದ್ದೆ. ಅದು ಯಾಕೆ ಹಾರಿ ಹೋಗುವುದಿಲ್ಲ ಅಂತ ಯಾರನ್ನೂ ಕೇಳಿರಲಿಲ್ಲ.

ಪಶುವೈದ್ಯರಿಗೆ ತೋರಿಸಿದೆವು. ಮೂಳೆ ಮುರಿದಿರಲಿಲ್ಲ. ಅವರು ಹೇಳಿದ ಒಂದು ವಿಷಯ ನನಗೆ ಹೊಸದು. ಕತ್ತರಿಸಿದ ಗರಿ ನಮ್ಮ ಉಗುರಿನ ಹಾಗೆ ಮತ್ತೆ ಬೆಳೆಯುವುದಿಲ್ಲ. ಆ ಮೋಟು ಗರಿ ತಾನಾಗಿ ಉದುರಬೇಕು, ಆ ಜಾಗದಲ್ಲಿ ಹೊಸದು ಹುಟ್ಟಬೇಕು. ಎಲ್ಲ ಒಟ್ಟಿಗೆ ಉದುರುವುದಿಲ್ಲ, ಒಂದೊಂದಾಗಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊಸ ಗರಿ ಬರುವಾಗ ಅದರ ಕೊಳವೆಯೊಳಗೆ ರಕ್ತ ಹರಿಯುತ್ತಿರುತ್ತದೆ. ಮುರಿದರೆ ರಕ್ತ ಸುರಿಯುತ್ತದೆ. ಅಕ್ಕಪಕ್ಕದಲ್ಲಿ ಪೂರ್ತಿ ಗರಿಗಳ ಆಸರೆ ಇಲ್ಲದ್ದರಿಂದ ಮುರಿಯುವುದೂ ಜಾಸ್ತಿ.

ಇನ್ನೊಂದು ತೊಂದರೆ ಎದೆಯದು. ಹಾರುವ ಶಕ್ತಿ ಎಲ್ಲ ಎದೆಯ ಮಾಂಸದಲ್ಲಿ, ಹಾರದಿದ್ದರೆ ಅದು ಕರಗುತ್ತದೆ. ಬೆರಳಿಟ್ಟು ನೋಡಿದರೆ ಗುಂಡಿಯ ಎದೆಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಸಿಗುತ್ತಿತ್ತು. ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ 78 ಗ್ರಾಂ. ಅಂದರೆ ಗರಿ ಬಂದ ಮೇಲೂ ಅದು ಸುಮ್ನೆ ಹಾರಿಬಿಡುವುದಿಲ್ಲ, ಕಲಿಸಬೇಕು.

ಗರಿ ಬರುವ ಮೊದಲೇ ಶುರು ಮಾಡಿದೆವು. ನನ್ನ ಚಿಂದಿ ಬಟ್ಟೆಯ ಮೂಟೆ ಬಿಚ್ಚಿ ನೆಲದ ತುಂಬ ಹಾಸಿದೆ, ಮೇಲೊಂದು ಹಳೇ ಹಾಸಿಗೆ. ಬಿದ್ದರೆ ಎದೆಗೆ ಪೆಟ್ಟಾಗಬಾರದಲ್ಲ. ಉಳಿದ ಸೀರೆ ಬಾರ್ಡರ್ ಪಟ್ಟಿ ಹೆಣೆದು ಒಂದು ಏಣಿ ಮಾಡಿದೆ. ಹತ್ತಿ ಇಳಿದು ಕಾಲು, ರೆಕ್ಕೆ ಗಟ್ಟಿಯಾಗಲಿ ಅಂತ. ಹೊಲಿಗೆ ಬಿಗಿ ಇರಬೇಕು. ದಾರ ಎಳೆದುಕೊಂಡರೆ ಹಕ್ಕಿಯ ಕಾಲಿಗೆ ಸುತ್ತಿಕೊಂಡು ರಕ್ತ ಓಡಾಡುವುದೇ ನಿಂತುಬಿಡುತ್ತದೆ. ಟೈಲರ್ ಮನೆಯಲ್ಲಿ ದಾರ, ಸೂಜಿ, ಗುಂಡುಪಿನ್ನು ಇಲ್ಲದ ಜಾಗವೇ ಇಲ್ಲ. ಹಕ್ಕಿ ಹೊರಗೆ ಬಿಡುವ ಮೊದಲು ದಿನಾ ಅಯಸ್ಕಾಂತ ಹಿಡಿದು ನೆಲ ಸವರುವುದು ಮಗಳ ಕೆಲಸವಾಯಿತು.

ವ್ಯಾಯಾಮ ಸುಲಭ. ಗುಂಡಿಯನ್ನು ಬೆರಳ ಮೇಲೆ ಕೂರಿಸಿಕೊಂಡು ಕೈಯನ್ನು ಮೆಲ್ಲಗೆ ಕೆಳಗೆ ಇಳಿಸುವುದು. ಜೋಲಿ ತಪ್ಪಬಾರದು ಅಂತ ಅದು ರೆಕ್ಕೆ ಬಿಚ್ಚಿ ಬಡಿಯುತ್ತದೆ. ಏಳೆಂಟು ಸಲ, ಅಷ್ಟೇ. ಬಾಯಿ ತೆರೆದು ಏದುಸಿರು ಬಿಟ್ಟರೆ, ರೆಕ್ಕೆ ಮೈಯಿಂದ ದೂರ ಇಟ್ಟುಕೊಂಡರೆ ಸುಸ್ತಾಗಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಮೈದುನ ಒಂದು ಸಲ "ಮೇಲಕ್ಕೆ ಎಸೀರಿ ಅತ್ತಿಗೆ, ತಾನಾಗಿ ಹಾರುತ್ತೆ" ಅಂದ. ಈಜು ಕಲಿಸಲು ಮಕ್ಕಳನ್ನು ಬಾವಿಗೆ ತಳ್ಳುವ ಕಾಲದವನು. ದಯವಿಟ್ಟು ಯಾರೂ ಹಾಗೆ ಎಸೆಯಬೇಡಿ. ಬಿದ್ದರೆ ಒಂದು, ಬೀಳದಿದ್ದರೂ ಮತ್ತೆ ನಿಮ್ಮ ಕೈ ನಂಬುವುದಿಲ್ಲ.

ಆಮೇಲೆ ನೆಗೆಯುವ ಪಾಠ. ಬೆಳಿಗ್ಗೆ ಕಾಳು ಹಾಕುವ ಮೊದಲು, ಹೊಟ್ಟೆ ಸ್ವಲ್ಪ ಚುರುಗುಡುವಾಗ. ಅರಸೀಕೆರೆ ಕಡೆಯ ಗಿರಾಕಿಯೊಬ್ಬರು ನವಣೆ ತೆನೆ ತಂದುಕೊಟ್ಟಿದ್ದರು. ಕಾಕಟೀಲಿಗೆ ನವಣೆ ತೆನೆ ಅಂದರೆ ನಮಗೆ ಹೋಳಿಗೆ ಇದ್ದ ಹಾಗೆ. ಕುರ್ಚಿ ಬೆನ್ನಿನ ಮೇಲೆ ಅದನ್ನು ಕೂರಿಸಿ, ಒಂದು ಗೇಣು ದೂರದಲ್ಲಿ ಬೆರಳು ಹಿಡಿದು, ಹಿಂದೆ ತೆನೆ ತೋರಿಸುವುದು. ಮೊದಲ ನಾಲ್ಕು ದಿನ ಕತ್ತು ಚಾಚಿತು, ಕಾಲು ಕದಲಿಸಲಿಲ್ಲ. ಐದನೇ ದಿನ ನೆಗೆಯಿತು. ಒಂದು ಗೇಣು ಒಂದು ಮೊಳ ಆಗಲು ಇಪ್ಪತ್ತು ದಿನ ಹಿಡಿಯಿತು. ಮೊಳದಲ್ಲೇ ಬಹಳ ದಿನ ನಿಂತೆವು, ಯಾಕೆಂದರೆ ಗರಿ ಇರಲಿಲ್ಲ.

ಮೊದಲ ಮೋಟು ಗರಿ ಉದುರಿದ್ದು ದಸರಾ ಹೊತ್ತಿಗೆ. ಅದನ್ನು ಪಿನ್ನಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಆ ಜಾಗದಲ್ಲಿ ಬಂದ ಹೊಸ ಗರಿ ಒಂದು ರಾತ್ರಿ ಮುರಿಯಿತು. ಕತ್ತಲೆಯಲ್ಲಿ ಏನೋ ಬೆಚ್ಚಿ ಪಂಜರದೊಳಗೇ ಬಡಿದಾಡಿಬಿಟ್ಟಿತ್ತು, ಈ ಜಾತಿಗೆ ಅದೊಂದು ಸ್ವಭಾವವಂತೆ. ದೀಪ ಹಾಕಿದರೆ ಕಂಬಿಗೆಲ್ಲ ರಕ್ತ. ಕಾರ್ನ್‌ಫ್ಲೋರ್ ಹಾಕಿ, ಬಿಳಿ ಬಟ್ಟೆಯಲ್ಲಿ ಒತ್ತಿ ಹಿಡಿದುಕೊಂಡು ಕೂತೆ. ಕೈಯಲ್ಲಿ ಅದರ ಎದೆ ಮೆಷಿನ್ ಓಡಿದ ಹಾಗೆ ಹೊಡೆದುಕೊಳ್ಳುತ್ತಿತ್ತು. ರಕ್ತ ನಿಂತಿತು, ಬೆಳಿಗ್ಗೆ ಡಾಕ್ಟರಿಗೆ ತೋರಿಸಿದೆವು. ಅವತ್ತಿನಿಂದ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಯುತ್ತದೆ.

ಸಂಕ್ರಾಂತಿ ವಾರದಲ್ಲಿ ನಾಲ್ಕು ಗರಿ ಆಗಿದ್ದವು. ಗುಂಡಿ ಮೆಷಿನ್ ಮೇಲಿಂದ ಎದ್ದು, ನೇರ ಮೇಲಕ್ಕೆ ಹೋಗಿ, ಪರದೆ ಕಂಬಿಯ ಮೇಲೆ ಕೂತುಬಿಟ್ಟಿತು. ನಾನು, ಮಗಳು ಚಪ್ಪಾಳೆ ಹೊಡೆದೆವು. ಆಮೇಲೆ ಗೊತ್ತಾಯಿತು, ಅದಕ್ಕೆ ಇಳಿಯಲು ಬರುವುದಿಲ್ಲ! ಮೇಲೆ ಹೋಗುವುದು ಸುಲಭ, ಕೆಳಗೆ ಬರುವಾಗ ವೇಗ ತಡೆಯುವುದು ಕಷ್ಟ. ಎರಡು ಗಂಟೆ ಅಲ್ಲೇ ಜುಟ್ಟು ನೆಟ್ಟಗೆ ಮಾಡಿಕೊಂಡು ಕೂಗಿತು. ಯಜಮಾನರು ಪೊರಕೆ ತಂದರು, ಬೈಸಿಕೊಂಡರು. ಕೊನೆಗೆ ಅದೇ ಪರದೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ತೆಂಗಿನಮರ ಇಳಿಯುವವನ ಹಾಗೆ ಹಿಂದಹಿಂದಕ್ಕೆ ಇಳಿದು ಬಂತು. ಆಮೇಲಿನ ಒಂದು ತಿಂಗಳು ಬರೀ ಇಳಿಯುವ ಪಾಠ. ಸ್ಟೂಲಿನಿಂದ ಕುರ್ಚಿಗೆ, ಕಪಾಟಿನಿಂದ ಸ್ಟೂಲಿಗೆ. ಬ್ಲೌಸ್ ತೊಡಿಸಿಡುವ ಗೊಂಬೆಯ ಹೆಗಲೇ ಅದರ ನಿಲ್ದಾಣವಾಯಿತು. ಒಬ್ಬರ ರೇಷ್ಮೆ ಬ್ಲೌಸ್ ಮೇಲೆ ಹಿಕ್ಕೆ ಹಾಕಿ ನನಗೆ 600 ರೂಪಾಯಿ ನಷ್ಟ ಮಾಡಿದ್ದೂ ಅಲ್ಲೇ.

ಇಷ್ಟರಲ್ಲಿ ಕಷ್ಟವಾದದ್ದು ಹಕ್ಕಿಗಿಂತ ನಮಗೆ. ಮುಖ್ಯವಾಗಿ ಫ್ಯಾನು. ನಮ್ಮ ಮನೆಗಳಲ್ಲಿ ಹಾರುವ ಹಕ್ಕಿಗೆ ಸೀಲಿಂಗ್ ಫ್ಯಾನಿನಷ್ಟು ಅಪಾಯ ಇನ್ನೊಂದಿಲ್ಲ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದೆ. ಮಾರ್ಚ್ ತಿಂಗಳಲ್ಲಿ ಗಿರಾಕಿಗಳು "ಫ್ಯಾನ್ ಹಾಕಿ ಅಕ್ಕಾ, ಬೆವರು ಸುರೀತಿದೆ" ಅಂದರೆ ಬೀಸಣಿಗೆ ಕೊಡುತ್ತಿದ್ದೆ. ಗಿರಾಕಿ ಜಾಸ್ತಿ ಇದ್ದರೆ ಗುಂಡಿ ಪಂಜರಕ್ಕೆ, ಆಮೇಲೆ ಫ್ಯಾನ್. ಅಳತೆ ನೋಡುವ ದೊಡ್ಡ ಕನ್ನಡಿಗೆ ಬೆಡ್‌ಶೀಟ್ ಹೊದಿಸಿದೆ, ಕನ್ನಡಿ ಅನ್ನುವುದು ಅದಕ್ಕೆ ಇನ್ನೊಂದು ಕೋಣೆ. ಕಿಟಕಿ ಗಾಜಿಗೂ ಪರದೆ. ಇಸ್ತ್ರಿ ಪೆಟ್ಟಿಗೆ ಕೆಲಸ ರಾತ್ರಿಗೆ ಹೋಯಿತು. ಬಚ್ಚಲಿನ ಬಕೆಟ್ಟಿಗೆ ಮುಚ್ಚಳ, ಅಡುಗೆಮನೆ ಬಾಗಿಲು ಬಂದ್. ನಾನ್‌ಸ್ಟಿಕ್ ತವಾ ಜಾಸ್ತಿ ಕಾದರೆ ಬರುವ ಹೊಗೆ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿ ಸತ್ತೇ ಹೋಗುತ್ತದೆ. ಅದನ್ನು ಎತ್ತಿಟ್ಟು ಅಮ್ಮನ ಕಾಲದ ಕಬ್ಬಿಣದ ಕಾವಲಿ ಇಳಿಸಿದೆ. ದೋಸೆಯೂ ರುಚಿ ಆಯಿತು ಅನ್ನಿ.

ಬಾಗಿಲಿಗೆ ಸೊಳ್ಳೆ ಪರದೆ ಬಟ್ಟೆಯಲ್ಲಿ ಎರಡು ಪದರ ಹೊಲಿದು ಹಾಕಿದ್ದೇನೆ, ಎರಡರ ನಡುವೆ ಮೂರಡಿ ಜಾಗ. ಒಂದನ್ನು ಮುಚ್ಚಿ ಇನ್ನೊಂದು ತೆಗೆಯಬೇಕು. ಈ ಹಕ್ಕಿ ಹೊರಗೆ ಹೋದರೆ ನಮ್ಮ ಕಾಗೆಗಳ ಮುಂದೆ ಬದುಕುವುದಿಲ್ಲ. "ಅದಕ್ಕೇ ಅಲ್ವಾ ರೆಕ್ಕೆ ಕತ್ತರಿಸೋದು" ಅಂತ ನೀವು ಕೇಳಬಹುದು. ಆ ಗಿರಾಕಿಯೂ ಕೇಳಿದರು. ಆದರೆ ಅರ್ಧ ಕತ್ತರಿಸಿದ ಹಕ್ಕಿಯೂ ಗಾಳಿ ಬೀಸಿದರೆ ಕಾಂಪೌಂಡ್ ದಾಟುತ್ತದೆ. ನಾಯಿ, ಬೆಕ್ಕು ಬಂದರೆ ಮರ ಹತ್ತಲು ಆಗುವುದಿಲ್ಲ. ಮನೆಯಲ್ಲಿ ಸದಾ ಫ್ಯಾನ್ ಬೇಕು, ಬಾಗಿಲು ಸದಾ ತೆರೆದೇ ಇರಬೇಕು ಅನ್ನುವವರು ಹಕ್ಕಿ ಸಾಕದಿರುವುದೇ ವಾಸಿ. ಸಾಕಿ ಕತ್ತರಿಸುವುದು ಯಾವ ನ್ಯಾಯ? 2015ರಲ್ಲಿ ದೆಹಲಿ ಹೈಕೋರ್ಟ್ ಹಕ್ಕಿಗೂ ಹಾರುವ ಹಕ್ಕಿದೆ ಅಂತ ಹೇಳಿದೆ ಎಂದು ಮಗಳು ಓದಿ ಹೇಳಿದಳು. ಹಾಗೆ ನೋಡಿದರೆ ಪಂಜರ ಇಟ್ಟ ನಾನೂ ತಪ್ಪಿತಸ್ಥಳೇ. ಇನ್ನೊಂದು ಹಕ್ಕಿ ಕೊಳ್ಳುವುದಿಲ್ಲ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ಪಕ್ಕದ ಮನೆಯ ಅಜ್ಜಿ "ಹಸಿರು ಗಿಳಿ ತರಬೇಕಿತ್ತು, ಅದು ಮಾತಾಡುತ್ತೆ" ಅಂತ ಈಗಲೂ ಹೇಳುತ್ತಾರೆ. ನಮ್ಮ ತೋಟದ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹಾಗೆಯೇ ಹಕ್ಕಿ ಮಾರುವ ಅಂಗಡಿಗಳು 2018ರ ಪೆಟ್ ಶಾಪ್ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಸಂಬಂಧಪಟ್ಟವರು ಒಂದು ಸಲ ಅಂಗಡಿಗಳಿಗೆ ಹೋಗಿ, ಹಿಂದಿನ ಕೋಣೆಯಲ್ಲಿ ಕತ್ತರಿ ಯಾಕೆ ಇದೆ ಅಂತ ಕೇಳಲಿ. ಕೊಳ್ಳುವವರೂ ದುಡ್ಡು ಕೊಡುವ ಮೊದಲು "ಕಟ್ ಮಾಡಬೇಡಿ" ಅಂತ ಬಾಯಿಬಿಟ್ಟು ಹೇಳಲಿ. ನಾನು ಹೇಳಲಿಲ್ಲ, ಅದೊಂದು ಬೇಜಾರು ಇದ್ದೇ ಇದೆ.

ಗುಂಡಿ ಈಗ 91 ಗ್ರಾಂ. ಯುಗಾದಿಗೆ ಐದನೇ ಗರಿ ಬಂತು, ಆರನೆಯದು ಇನ್ನೂ ಕೊಳವೆಯಲ್ಲಿದೆ. ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ, ಟೇಪ್ ಹಿಡಿದು ಅಳೆದಿದ್ದೇನೆ, 23 ಅಡಿ, ಒಂದೇ ಉಸಿರಿಗೆ ಹೋಗುತ್ತದೆ. ಬಾಗಿಲ ಹತ್ತಿರ ತಿರುಗುವಾಗ ಬಲಗಡೆ ಇನ್ನೂ ಸ್ವಲ್ಪ ವಾಲುತ್ತದೆ. ಗಿರಾಕಿಗಳು ಹೊರಗೇ ನಿಂತು "ಅಕ್ಕಾ, ಗುಂಡಿ ಬಿಟ್ಟಿದ್ದೀರಾ?" ಅಂತ ಕೇಳಿ ಒಳಗೆ ಬರುವುದು ರೂಢಿಯಾಗಿದೆ.

ಚಪ್ಪಲಿ ಡಬ್ಬಿಯ ಗಿರಾಕಿ ಅವತ್ತು ಹಕ್ಕಿಯನ್ನು ಹಾಗೇ ವಾಪಸ್ ಒಯ್ದರು. ಕಿಟಕಿ, ಬಾಗಿಲಿನ ಅಳತೆ ತಂದುಕೊಟ್ಟರೆ ಸೊಳ್ಳೆ ಪರದೆ ನಾನೇ ಹೊಲಿದು ಕೊಡುತ್ತೇನೆ, ಕೂಲಿ ಬೇಡ ಅಂದಿದ್ದೇನೆ. ಇನ್ನೂ ಬಂದಿಲ್ಲ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ, ಶನಿವಾರ ಮಧ್ಯಾಹ್ನ ನಾನು ಅಂಗಡಿಯಲ್ಲೇ ಇರುತ್ತೇನೆ.

ಇತಿ,
ಒಬ್ಬ ಹೊಲಿಗೆಯವಳು, ಹಾಸನ