ಕಾಲದ ಗುರುತು ಒಂದೇ ಕಡೆ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಇಂಗ್ಲಿಷಿನ ಹನ್ನೆರಡು ಕಾಲಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದ್ದರೂ ಮಾತಾಡಲು ಹೊರಟರೆ ನಾಲಿಗೆ ಕಟ್ಟುತ್ತದೆ ಎಂದು ಬರೆದಿದ್ದೀಯೆ. ನಿನಗೆ ಬುದ್ಧಿ ಸಾಲದೆ ಹೀಗಾಗಿದೆ ಎಂದುಕೊಳ್ಳಬೇಡ. ಹನ್ನೆರಡು ಮನೆಗಳ ಆ ಕೋಷ್ಟಕವೇ ಇರುವುದಕ್ಕಿಂತ ಹೆಚ್ಚಿನ ಭಯ ಹುಟ್ಟಿಸುತ್ತದೆ. ಸ್ವಲ್ಪ ದಿನ ಅದನ್ನು ಮಡಚಿಡು.

‘ವಾಕ್’ ಎಂಬ ಒಂದೇ ಪದವನ್ನು ತೆಗೆದುಕೋ. ಅದಕ್ಕಿರುವುದು ನಾಲ್ಕೇ ರೂಪ: ವಾಕ್, ವಾಕ್ಸ್, ವಾಕಿಂಗ್, ವಾಕ್ಟ್. ನಮ್ಮ ‘ನಡೆ’ಗೆ ಎಷ್ಟಿವೆ ನೋಡು. ನಡೆಯುತ್ತೇನೆ, ನಡೆಯುತ್ತಾಳೆ, ನಡೆಯುತ್ತದೆ, ನಡೆದೆವು, ನಡೆದಿರಿ, ನಡೆದಾರು. ನಡೆದವರು ಯಾರು, ಹೆಣ್ಣೋ ಗಂಡೋ, ಒಬ್ಬರೋ ಹಲವರೋ ಎಂಬುದನ್ನೆಲ್ಲ ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ. ಇಷ್ಟನ್ನೂ ನೀನು ಶಾಲೆಗೆ ಸೇರುವ ಮೊದಲೇ ಕಲಿತಿದ್ದೆ. ಇಂಗ್ಲಿಷಿನಲ್ಲಾದರೋ ವರ್ತಮಾನದಲ್ಲಿ ‘ಹಿ, ಶಿ, ಇಟ್’ ಬಂದಾಗ ಒಂದು ‘ಎಸ್’ ಸೇರಿಸಿದರೆ ಮುಗಿಯಿತು. ಭೂತಕಾಲದಲ್ಲಿ ಎಲ್ಲರಿಗೂ ‘ವಾಕ್ಟ್’. ಭವಿಷ್ಯಕ್ಕಂತೂ ಬೇರೆ ಪ್ರತ್ಯಯವೇ ಇಲ್ಲ, ಪಕ್ಕದಲ್ಲಿ ‘ವಿಲ್’ ಬಂದು ನಿಲ್ಲುತ್ತದೆ.

ಹಾಗಾದರೆ ಹನ್ನೆರಡು ಕಾಲಗಳು ಎಲ್ಲಿಂದ ಬಂದವು? ‘ವಿಲ್’, ‘ಹ್ಯಾವ್’ಗಳಂತೆ ಪಕ್ಕದಲ್ಲಿ ಬಂದು ನಿಲ್ಲುವ ಸಹಾಯಕ ಕ್ರಿಯಾಪದಗಳಿಂದ. ನನಗೆ ಇದು ತಿಳಿಯಲು ಬಹಳ ವರ್ಷ ಹಿಡಿಯಿತು, ನಿನಗೆ ಇವತ್ತೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ: ವಾಕ್ಯದಲ್ಲಿ ಎಷ್ಟೇ ಕ್ರಿಯಾಪದಗಳು ಸಾಲಾಗಿ ನಿಂತಿರಲಿ, ಕಾಲದ ಗುರುತು ಬೀಳುವುದು ಒಂದರ ಮೇಲೆ ಮಾತ್ರ. ಕನ್ನಡದಲ್ಲಿ ಅದು ಕೊನೆಯದರ ಮೇಲೆ, ಇಂಗ್ಲಿಷಿನಲ್ಲಿ ಮೊದಲನೆಯದರ ಮೇಲೆ. ‘ನಡೆಯುತ್ತಿದ್ದೆ’ ಎಂಬುದನ್ನು ಬಿಡಿಸು. ‘ನಡೆಯುತ್ತ’ ಎಂಬುದು ಹಾಗೇ ಉಳಿಯುತ್ತದೆ, ‘ಇದ್ದೆ’ ಹೋಗಿ ‘ಇದ್ದೇನೆ’ ಬಂದರೆ ಭೂತ ವರ್ತಮಾನವಾಗುತ್ತದೆ. ಇಂಗ್ಲಿಷಿನಲ್ಲಿಯೂ ‘ವಾಕಿಂಗ್’ ಅಲುಗುವುದಿಲ್ಲ. ಅದರ ಮುಂದಿನ ‘ವಾಸ್’ ಹೋಗಿ ‘ಆಮ್’ ಬರುತ್ತದೆ, ಅಷ್ಟೇ. ‘ಹ್ಯಾಡ್ ಬೀನ್ ವಾಕಿಂಗ್’ ಎಂಬ ಉದ್ದನೆಯ ಸಾಲಿನಲ್ಲೂ ಕಾಲವನ್ನು ಹೊತ್ತಿರುವುದು ‘ಹ್ಯಾಡ್’ ಒಂದೇ.

ಈಗ ನಿನ್ನ ಕಾಗದದಲ್ಲಿದ್ದ ಇಂಗ್ಲಿಷ್ ವಾಕ್ಯಕ್ಕೆ ಬರುತ್ತೇನೆ. ‘ಶಿ ಡಿಡ್ ನಾಟ್ ಕಾಲ್ಡ್ ಮಿ’ ಎಂದು ಬರೆದಿದ್ದೀಯೆ. ‘ಡಿಡ್’ ಆಗಲೇ ಭೂತಕಾಲವನ್ನು ಹೊತ್ತುಕೊಂಡಿದೆ, ‘ಕಾಲ್’ ಅದನ್ನು ಮತ್ತೆ ಹೊರಬೇಕಾಗಿಲ್ಲ. ನಮ್ಮಲ್ಲೂ ‘ಅವಳು ಕರೆದಳು ಇಲ್ಲ’ ಎನ್ನುತ್ತೇವೆಯೇ? ‘ಇಲ್ಲ’ ಬಂದ ಕೂಡಲೇ ‘ಕರೆದಳು’ ತನ್ನ ತುದಿಯನ್ನು ಕಳಚಿಟ್ಟು ‘ಕರೆಯಲಿಲ್ಲ’ ಆಗುತ್ತದೆ. ನಾನಾಗಲಿ, ಅವಳಾಗಲಿ, ಅವರಾಗಲಿ, ಎಲ್ಲರಿಗೂ ‘ಕರೆಯಲಿಲ್ಲ’. ‘ಡಿಡ್ ನಾಟ್’ ಬಂದಾಗಲೂ ‘ಕಾಲ್’ ಹಾಗೆಯೇ ಬರಿದಾಗುತ್ತದೆ. ‘ಡಸ್ ಶಿ ವಾಕ್’ ಎಂದು ಕೇಳುವಾಗ ‘ವಾಕ್ಸ್’ನ ಸಕಾರ ಎಲ್ಲಿ ಹೋಯಿತು ಎಂದು ಕೇಳಿದ್ದೆಯಲ್ಲ, ಅದು ‘ಡಸ್’ನಲ್ಲಿದೆ.

‘ಹ್ಯಾವ್’ ವಿಷಯದಲ್ಲಿ ಮಾತ್ರ ನಿಧಾನಿಸು, ಕನ್ನಡದವರು ಹೆಚ್ಚಾಗಿ ಎಡವುವುದು ಅಲ್ಲಿ. ‘ನಿನ್ನೆಯೇ ಮುಗಿಸಿದ್ದೇನೆ’ ಎಂದರೆ ನಮ್ಮ ಕಿವಿಗೆ ಏನೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ‘ಹ್ಯಾವ್’ ವರ್ತಮಾನದ ಮಾತು, ‘ಯೆಸ್ಟರ್‌ಡೇ’ ಕಳೆದುಹೋದ ದಿನ. ಆ ಭಾಷೆ ಇವೆರಡನ್ನೂ ಒಟ್ಟಿಗೆ ಕೂರಿಸುವುದಿಲ್ಲ. ನಿನ್ನೆ ಎಂದು ಹೇಳಬೇಕಿದ್ದರೆ ‘ಐ ಫಿನಿಶ್ಟ್ ಇಟ್ ಯೆಸ್ಟರ್‌ಡೇ’. ದಿನ ಮುಖ್ಯವಲ್ಲ, ಕೆಲಸ ಮುಗಿದಿದೆ ಎಂಬುದಷ್ಟೇ ಮುಖ್ಯವೆಂದಾದರೆ ‘ಐ ಹ್ಯಾವ್ ಫಿನಿಶ್ಟ್ ಇಟ್’. ‘ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದಕ್ಕೂ ಇದೇ ‘ಹ್ಯಾವ್’ ಬೇಕು: ‘ಐ ಹ್ಯಾವ್ ವರ್ಕ್ಟ್ ಹಿಯರ್ ಫಾರ್ ಟೆನ್ ಇಯರ್ಸ್’. ಇಲ್ಲಿ ‘ಹ್ಯಾವ್’ ಬಿಟ್ಟರೆ ನೀನು ಕೆಲಸ ಬಿಟ್ಟಿದ್ದೀಯೆ ಎಂದೇ ಕೇಳಿದವರು ತಿಳಿಯುತ್ತಾರೆ. ಒಂದು ಸಣ್ಣ ಪದ ಬದುಕಿನ ಸಂಗತಿಯನ್ನೇ ತಿರುಗಿಸಿಬಿಡುತ್ತದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಉಚ್ಚಾರಣೆಯನ್ನು ಪುಸ್ತಕ ನೋಡಿ ಕಲಿಯಬೇಡ, ಬಾಯಿಬಿಟ್ಟು ಹೇಳಿ ಕಲಿ. ‘ವಾಕ್’ನಂಥ ಪದಗಳ ಭೂತಕಾಲಕ್ಕೆ ಬರೆಯುವಾಗ ಕೊನೆಯಲ್ಲಿ ‘ಇಡಿ’ ಎಂಬ ಎರಡೇ ಅಕ್ಷರ, ಹೇಳುವಾಗ ಮೂರು ದನಿ. ‘ವಾಕ್’, ‘ವಾಷ್’, ‘ಹೆಲ್ಪ್’ ಎನ್ನುವಾಗ ಗಂಟಲ ಮೇಲೆ ಬೆರಳಿಟ್ಟುಕೋ. ಕೊನೆಯ ದನಿಗೆ ಗಂಟಲು ನಡುಗುವುದಿಲ್ಲ, ಹಾಗಾಗಿ ‘ಟ್’ ಬರುತ್ತದೆ: ವಾಕ್ಟ್, ವಾಷ್ಟ್, ಹೆಲ್ಪ್ಟ್. ‘ಪ್ಲೇ’, ‘ಕಾಲ್’, ‘ಓಪನ್’ ಎನ್ನುವಾಗ ಕೊನೆಯವರೆಗೂ ಬೆರಳಿಗೆ ನಡುಕ ತಿಳಿಯುತ್ತದೆ, ಅಲ್ಲಿ ‘ಡ್’. ಪದವೇ ಟಕಾರ ಅಥವಾ ಡಕಾರದಲ್ಲಿ ಮುಗಿದರೆ ಮಾತ್ರ ಇನ್ನೊಂದು ಸ್ವರ ಸೇರುತ್ತದೆ: ವಾಂಟೆಡ್, ನೀಡೆಡ್. ನಾನು ಚಿಕ್ಕವಳಿದ್ದಾಗ ‘ವಾಕೆಡ್’, ‘ಸ್ಟಾಪೆಡ್’ ಎಂದೇ ಓದುತ್ತಿದ್ದೆ, ಯಾರೂ ತಿದ್ದಲಿಲ್ಲ. ರೇಡಿಯೋ ವಾರ್ತೆಗೆ ಕಿವಿಗೊಟ್ಟು ನಾನೇ ತಿದ್ದಿಕೊಂಡೆ.

ಕಾಗುಣಿತಕ್ಕೆ ಬಹಳ ಹೊತ್ತು ಬೇಡ. ‘ಇಡಿ’ ಸೇರುವಾಗ ‘ಸ್ಟಾಪ್’ನಲ್ಲಿ ಕೊನೆಯ ‘ಪಿ’ ಎರಡಾಗುತ್ತದೆ. ‘ಕ್ಯಾರಿ’ಯಲ್ಲಿ ‘ವೈ’ ಹೋಗಿ ‘ಐ’ ಬರುತ್ತದೆ, ‘ಪ್ಲೇ’ಯಲ್ಲಿ ವೈ ಹಿಂದೆ ಸ್ವರವಿರುವುದರಿಂದ ಬದಲಾಗುವುದಿಲ್ಲ. ಒತ್ತು ಕೊನೆಗೆ ಬೀಳುವ ‘ಪ್ರಿಫರ್’ಗೆ ಎರಡು ‘ಆರ್’, ಒತ್ತು ಮೊದಲಿಗೇ ಬೀಳುವ ‘ವಿಸಿಟ್’ಗೆ ಒಂದೇ ‘ಟಿ’.

‘ಇಡಿ’ಗೆ ಒಗ್ಗದ ‘ಗೋ’, ‘ಈಟ್’ ಮೊದಲಾದ ಹಟಮಾರಿ ಪದಗಳನ್ನು ಮೊದಲು ಕಲಿಯಬೇಕೇ ಎಂದು ಕೇಳಿದ್ದೀಯೆ. ಅವುಗಳ ಬಳಕೆ ಹೆಚ್ಚು, ಜೊತೆಜೊತೆಗೇ ಕಲಿ. ಆದರೆ ನೇರ ದಾರಿಯ ಪದಗಳನ್ನು ಕಡೆಗಣಿಸಬೇಡ. ‘ಹೆಲ್ಪ್’ನ ಭೂತರೂಪ ಹಿಂದೆ ‘ಹೋಲ್ಪ್’ ಎಂದಿತ್ತು. ಅದು ಬಳಕೆ ತಪ್ಪಿ ‘ಇಡಿ’ಯ ಸಾಲಿಗೆ ಬಂದು ನಿಂತಿತು. ಹೊಸದಾಗಿ ಹುಟ್ಟುವ ಕ್ರಿಯಾಪದಗಳೂ ಅದೇ ಸಾಲಿಗೆ ಸೇರುತ್ತವೆ. ‘ಗೂಗಲ್’ ‘ಗೂಗಲ್ಡ್’ ಆದದ್ದನ್ನು ನೀನೇ ಕೇಳಿದ್ದೀಯೆ.

ಮುಂದಿನ ಕಾಗದದಲ್ಲಿ ನಿನ್ನ ಒಂದು ದಿನದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದು ಕಳಿಸು. ಪ್ರತಿ ಸಾಲಿನಲ್ಲೂ ಕಾಲ ಹೊತ್ತ ಪದ ಯಾವುದೋ ಅದರ ಕೆಳಗೆ ಮಾತ್ರ ಗೆರೆ ಎಳೆದಿರು. ತಿದ್ದಿ ಮರುಟಪಾಲಿನಲ್ಲೇ ಕಳಿಸುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಮ್ಮ